ಜಗಳ ಆಡುತ್ತಿರುವುದು ಯಾರು?

ಐಸಿಯುಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಬರುವ ಒಂದು ಮಾತಿದೆ: ‘ಪೇಷೆಂಟ್ ವೆಂಟಿಲೇಟರ್ ಜೊತೆ ಫೈಟ್ ಮಾಡ್ತಿದ್ದಾರೆ.’ ಇಂಗ್ಲಿಷಿನಲ್ಲಿ ಹುಟ್ಟಿದ ಈ ಮಾತು ಹೈದರಾಬಾದಿಗೆ ಬಂದರೆ ‘ಫೈಟ್ ಚೇಸ್ತುನ್ನಾರು ಸಾರ್’ ಆಗುತ್ತದೆ. ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ಅದು ಕೆಲಸದ ಭಾಷೆ ಅಷ್ಟೆ. ಆದರೆ ಆ ವಾಕ್ಯದಲ್ಲಿ ಕರ್ತೃ ಯಾರು ನೋಡಿ. ಜಗಳಗಂಟ ರೋಗಿ. ಯಂತ್ರ ಪಾಪ, ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವ ಸಭ್ಯ ನೌಕರ. ‘ವೆಂಟಿಲೇಟರ್ ಪೇಷೆಂಟ್ ಜೊತೆ ಜಗಳಕ್ಕೆ ಬಿದ್ದಿದೆ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಸಾಫ್ಟ್‌ವೇರ್‌ನಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಈ ವ್ಯಾಕರಣ ಹೊಸದಲ್ಲ. ಗ್ರಾಹಕ ಒಂದು ಬಟನ್ ಒತ್ತುತ್ತಾನೆ, ಏನೂ ಆಗುವುದಿಲ್ಲ, ಮತ್ತೆ ಒತ್ತುತ್ತಾನೆ, ಎರಡು ಸಲ ಹಣ ಕಡಿತವಾಗುತ್ತದೆ. ಟಿಕೆಟ್ ಬರುತ್ತದೆ. ‘ಯೂಸರ್ ಎರಡು ಸಲ ಕ್ಲಿಕ್ ಮಾಡಿದ್ದಾರೆ’ ಎಂದು ಬರೆದು ಟಿಕೆಟ್ ಮುಚ್ಚುತ್ತಾರೆ. ಎರಡು ಸಲ ಯಾಕೆ ಒತ್ತಿದ ಎಂಬ ಪ್ರಶ್ನೆಗೆ ಫಾರ್ಮಿನಲ್ಲಿ ಜಾಗವೇ ಇರುವುದಿಲ್ಲ.

ಈ ವಿಷಯ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಕಾಕಾ ಇಲ್ಲಿನ ಒಂದು ಆಸ್ಪತ್ರೆಯಲ್ಲಿ 9 ದಿನ ವೆಂಟಿಲೇಟರ್ ಮೇಲಿದ್ದಾಗ. ರಾಯಚೂರಿನವರಿಗೆ ದೊಡ್ಡ ಕಾಯಿಲೆ ಬಂದರೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಕಾಕಾ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದವರು. ಮೂವತ್ತು ವರ್ಷ ಅರಳೆಯ ದೂಳು, ಜೊತೆಗೆ ಬೀಡಿ. ಶ್ವಾಸಕೋಶ ಎಂದೋ ಕೈಕೊಟ್ಟಿತ್ತು, ಆ ಚಳಿಗಾಲದ ನ್ಯುಮೋನಿಯಾ ಒಂದು ನೆಪ. ಗಂಟಲೊಳಗೆ ಕೊಳವೆ, ಎರಡೂ ಕೈಗೆ ಬಟ್ಟೆಯ ಪಟ್ಟಿ ಸುತ್ತಿ ಮಂಚದ ಕಂಬಿಗೆ ಕಟ್ಟಿದ್ದರು, ಕೊಳವೆ ಕಿತ್ತುಕೊಳ್ಳಬಾರದೆಂದು. ಭೇಟಿಗೆ ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ‘ತಾತಾ ಬಹಳ ಫೈಟ್ ಮಾಡ್ತಿದ್ದಾರೆ, ಮತ್ತಿನ ಔಷಧ ಜಾಸ್ತಿ ಮಾಡಬೇಕಾಗುತ್ತೆ’ ಎಂದರು. ಹತ್ತು ನಿಮಿಷದಲ್ಲಿ ಮಾಡಲಿಕ್ಕೆ ಬೇರೇನೂ ಇಲ್ಲದೆ ನಾನು ಗೋಡೆಯ ಗಡಿಯಾರ ನೋಡುತ್ತ ಕಾಕಾ ಅವರ ಹೊಟ್ಟೆ ಏಳುವುದನ್ನು ಎಣಿಸಿದೆ. ನಿಮಿಷಕ್ಕೆ 24. ಯಂತ್ರದ ಪರದೆ ತೋರಿಸುತ್ತಿದ್ದುದು 15. ಉಳಿದ 9 ಉಸಿರು ಎಲ್ಲಿ ಹೋದವು?

ರಾತ್ರಿ ಪಾಳಿಯ ಕಿರಿಯ ಡಾಕ್ಟರಮ್ಮನಿಗೆ ಇದನ್ನೇ ಕೇಳಿದೆ. ಆಕೆ ಬೇಸರ ಮಾಡಿಕೊಳ್ಳಲಿಲ್ಲ. ಪರದೆಯ ಅಲೆಗಳಲ್ಲಿ ಒಂದು ಸಣ್ಣ ಕುಳಿಯನ್ನು ಬೆರಳಿಟ್ಟು ತೋರಿಸಿದರು. ‘ಇಲ್ಲಿ ಅವರು ಉಸಿರು ಎಳೆದಿದ್ದಾರೆ. ಮಷಿನ್‌ಗೆ ಗೊತ್ತಾಗಿಲ್ಲ.’

ಗೊತ್ತಾಗಿಲ್ಲ ಎಂದರೇನು? ಇಲ್ಲಿ ಸ್ವಲ್ಪ ಯಂತ್ರಶಾಸ್ತ್ರ ಅನಿವಾರ್ಯ. ವೆಂಟಿಲೇಟರ್ ಎಂದರೆ ಮೂಲದಲ್ಲಿ ಒಂದು ತಿದಿ, ಕಮ್ಮಾರನ ಕುಲುಮೆಯಲ್ಲಿ ಇರುವಂಥದ್ದೇ, ಬುದ್ಧಿ ಕಲಿತದ್ದು. ರೋಗಿ ತಾನಾಗಿ ಉಸಿರೆಳೆದರೆ ಕೊಳವೆಯಲ್ಲಿ ಒತ್ತಡ ಒಂದೆರಡು ಸೆಂಟಿಮೀಟರ್ ನೀರಿನಷ್ಟು ಇಳಿಯುತ್ತದೆ, ಇಲ್ಲವೇ ಗಾಳಿ ನಿಮಿಷಕ್ಕೆ ಒಂದೆರಡು ಲೀಟರ್ ವೇಗದಲ್ಲಿ ಅವನ ಕಡೆ ಹರಿಯುತ್ತದೆ. ಅದನ್ನು ಗುರುತಿಸಿ ಯಂತ್ರ ಗಾಳಿ ಕೊಡುತ್ತದೆ. ಕಾಕಾ ಅವರಂಥ ಶ್ವಾಸಕೋಶದಲ್ಲಿ ಹಿಂದಿನ ಉಸಿರು ಪೂರ್ತಿ ಹೊರಹೋಗುವ ಮೊದಲೇ ಮುಂದಿನದು ಬರುತ್ತದೆ, ಒಳಗೆ ಗಾಳಿ ಸಿಕ್ಕಿಕೊಂಡು ಒತ್ತಡ ಉಳಿದಿರುತ್ತದೆ. ಬಾವಿಯಲ್ಲಿ ನೀರು ಸೇದುವಾಗ ಹಗ್ಗ ಸಡಿಲವಿದ್ದರೆ ಮೊದಲ ನಾಲ್ಕು ಎಳೆತ ಬರೀ ಸಡಿಲು ಎಳೆದುಕೊಳ್ಳುವುದಕ್ಕೇ ಹೋಗುತ್ತದಲ್ಲ, ಹಾಗೆ. ಅವರ ಎಳೆತವೆಲ್ಲ ಆ ಒಳ ಒತ್ತಡವನ್ನು ದಾಟುವುದರಲ್ಲೇ ಮುಗಿದು, ಯಂತ್ರದ ಅಂಚಿಗೆ ತಲುಪುವ ಹೊತ್ತಿಗೆ ಏನೂ ಉಳಿದಿರುವುದಿಲ್ಲ. ಯಂತ್ರದ ಪ್ರಕಾರ ಅವರು ಉಸಿರೇ ಎಳೆದಿಲ್ಲ.

ಇನ್ನೊಂದು ತುದಿಯಲ್ಲೂ ತೊಂದರೆ ಇದೆ. ಯಾವಾಗ ಗಾಳಿ ನಿಲ್ಲಿಸಬೇಕು? ಹಲವು ಯಂತ್ರಗಳಲ್ಲಿ ಗಾಳಿಯ ಹರಿವು ತನ್ನ ಗರಿಷ್ಠದ ಶೇಕಡ 25ಕ್ಕೆ ಇಳಿದಾಗ ನಿಲ್ಲಿಸು ಎಂದು ಮೊದಲೇ ಹಾಕಿರುತ್ತಾರೆ. ಬಿಗಿದುಕೊಂಡ ಶ್ವಾಸನಾಳಗಳಲ್ಲಿ ಹರಿವು ಇಳಿಯುವುದೇ ನಿಧಾನ. ಅವರು ಉಸಿರು ಬಿಡಲು ಶುರುಮಾಡಿದರೂ ಯಂತ್ರ ಇನ್ನೂ ತುಂಬುತ್ತಲೇ ಇರುತ್ತದೆ. ಡಿಫಾಲ್ಟ್ ಎಂಬ ಸಂಖ್ಯೆ ಹೇಗೆ ಹುಟ್ಟುತ್ತದೆಂದು ನನ್ನ ವೃತ್ತಿಯವರಿಗೆ ಚೆನ್ನಾಗಿ ಗೊತ್ತು: ಒಂದು ಮೀಟಿಂಗಿನಲ್ಲಿ, ಬಹುಪಾಲು ಜನಕ್ಕೆ ಸರಿಹೋಗುವಂತೆ. ಆ ಬಹುಪಾಲಿನಲ್ಲಿ ಜಿನ್ನಿಂಗ್ ಮಿಲ್ಲಿನ ಗುಮಾಸ್ತ ಇರಲಿಲ್ಲ ಎಂದು ಕಾಣುತ್ತದೆ.

ಆಕೆ ಮಾಡಿದ್ದು ನನಗೆ ಮೊದಲು ತಿರುಗುಮುರುಗು ಅನ್ನಿಸಿತು. ಯಂತ್ರದ ನೆರವನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಿದರು. ಪ್ರತಿ ಉಸಿರೂ ಬೇಗ ಮುಗಿಯುವಂತೆ, ಬಿಡಲು ಹೆಚ್ಚು ಸಮಯ ಸಿಗುವಂತೆ ಮಾಡಿದರು. ಯಂತ್ರದ ತಳದ ಒತ್ತಡವನ್ನು ತುಸು ಏರಿಸಿ ರೋಗಿಯ ಒಳ ಒತ್ತಡದ ಹತ್ತಿರ ತಂದರು, ಅಂದರೆ ಹಗ್ಗದ ಸಡಿಲನ್ನು ಯಂತ್ರವೇ ಎಳೆದುಕೊಂಡಿತು. ಅರ್ಧ ಗಂಟೆಯಲ್ಲಿ ಎರಡು ಲೆಕ್ಕವೂ ಹತ್ತಿರ ಹತ್ತಿರ ಬಂದವು. ಮತ್ತಿನ ಔಷಧ ಆ ರಾತ್ರಿ ಏರಲಿಲ್ಲ. ಇದನ್ನು ಪವಾಡದ ಕತೆಯಾಗಿ ಹೇಳುತ್ತಿಲ್ಲ. ಮರುದಿನ ಬೇರೆ ಕಾರಣಕ್ಕೆ ಏರಿಸಬೇಕಾಯಿತು.

ಕಾಕಾ ಬದುಕಿ ಊರಿಗೆ ಹೋದರು. ಎರಡು ತಿಂಗಳಾದ ಮೇಲೆ ಕೇಳಿದೆ, ಏನಾದರೂ ನೆನಪಿದೆಯಾ ಎಂದು. ‘ನಾ ಎಳಕೊಂಡ್ರ ಅದು ಸುಮ್ಮನ ಕೂಡ್ತಿತ್ತು ತಮ್ಮಾ. ನಾ ಬಿಡಬೇಕಂದಾಗ ತುರುಕ್ತಿತ್ತು. ಹೊಟ್ಟಿ ತುಂಬಿದವನ ಬಾಯಾಗ ತುತ್ತು ತುರುಕಿದಂಗ. ಬ್ಯಾಡ ಅನ್ನಾಕ ಬಾಯಿಲ್ಲ, ಕೈ ಕಟ್ಟ್ಯಾರ.’ ಡಾಕ್ಟರಮ್ಮ ಅಲೆಗಳಲ್ಲಿ ತೋರಿಸಿದ ಎರಡೂ ದೋಷಗಳನ್ನು ಕಾಕಾ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದ್ದರು. ಮಾಹಿತಿ ಅವರ ಹತ್ತಿರ ಮೊದಲಿನಿಂದಲೂ ಇತ್ತು.

ಹಳೆಯ ಕನ್ನಡದಲ್ಲಿ ‘ಉಸಿರು’ ಎಂಬುದಕ್ಕೆ ಮಾತಾಡು ಎಂಬ ಅರ್ಥವೂ ಇದೆ. ಈಗಲೂ ‘ಅವನು ಆ ವಿಷಯ ಉಸಿರಲಿಲ್ಲ’, ‘ಉಸಿರೆತ್ತಬೇಡ’ ಎನ್ನುತ್ತೇವೆ. ಕೊಳವೆ ಹಾದುಹೋಗುವುದು ಧ್ವನಿತಂತುಗಳ ನಡುವೆ, ಹಾಗಾಗಿ ಮಾತು ಹೋಯಿತು. ಕೈ ಕಟ್ಟಿದ್ದರಿಂದ ಸನ್ನೆ ಹೋಯಿತು. ಉಳಿದದ್ದು ಉಸಿರೊಂದೇ. ಅದು ತಾಳ ತಪ್ಪಿದಾಗ ನಾವು ಅದನ್ನು ಗಲಾಟೆ ಎಂದು ಕೇಳಿಸಿಕೊಳ್ಳುತ್ತೇವೋ ಮಾತು ಎಂದು ಕೇಳಿಸಿಕೊಳ್ಳುತ್ತೇವೋ? ನನ್ನ ಮಟ್ಟಿಗೆ ಐಸಿಯುವಿನ ನೈತಿಕ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ವೆಂಟಿಲೇಟರ್ ಹಾಕಬೇಕೇ, ತೆಗೆಯಬೇಕೇ ಎಂಬ ದೊಡ್ಡ ಪ್ರಶ್ನೆಗಳಿಗೆ ಸಹಿ, ಸಭೆ, ಕೋರ್ಟು ಎಲ್ಲ ಇವೆ. ನಿಮಿಷಕ್ಕೆ 16ರಂತೆ ಲೆಕ್ಕ ಹಾಕಿದರೂ ದಿನಕ್ಕೆ 23 ಸಾವಿರ ಉಸಿರಾಗುತ್ತದೆ. ಅಷ್ಟು ಸಲವೂ ‘ಈಗ ಯಾರ ಇಷ್ಟ ನಡೆಯಬೇಕು’ ಎಂಬ ಸಣ್ಣ ತೀರ್ಮಾನವೊಂದು ಸಹಿಯಿಲ್ಲದೆ ಆಗಿಹೋಗುತ್ತದೆ.

ಐಸಿಯು ಎಂಬುದು ಹುಟ್ಟಿದ ದಿನವೇ ಈ ಪ್ರಶ್ನೆ ಅಲ್ಲಿತ್ತು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಭೀಕರವಾಗಿ ಹಬ್ಬಿತ್ತು, ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು. ಆಗಸ್ಟ್ ಕೊನೆಯಲ್ಲಿ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸನ್ 12 ವರ್ಷದ ಹುಡುಗಿಯೊಬ್ಬಳ ಕುತ್ತಿಗೆಗೆ ಕೊಳವೆ ಹಾಕಿಸಿ, ರಬ್ಬರಿನ ಚೀಲ ಒತ್ತಿ ಗಾಳಿ ಕೊಡಲು ನೋಡಿದ. ಅವಳು ಕೊಸರಾಡಿದಳು, ಗಾಳಿ ಒಳಗೆ ಹೋಗಲೇ ಇಲ್ಲ. ಆತ ಥಯೊಪೆಂಟಾಲ್ ಕೊಟ್ಟ. ಅವಳ ಸ್ವಂತ ಉಸಿರು ನಿಂತಿತು, ಆಮೇಲೆ ಚೀಲ ಸರಾಗವಾಗಿ ಕೆಲಸ ಮಾಡಿತು, ಅವಳು ಉಳಿದಳು. ರೋಗಿಯ ಉಸಿರನ್ನು ಅಡಗಿಸಿದ್ದರಿಂದಲೇ ಪ್ರಾಣ ಉಳಿದ ಪ್ರಸಂಗ ಇದು. ಮತ್ತು ಕೊಡುವವರ ಕಡೆಯಿಂದ ‘ಅಡಗಿಸಿದರೆ ಸರಿಹೋಗುತ್ತದೆ’ ಎಂಬ ನಂಬಿಕೆಗೆ ಮೊದಲ ಸಾಕ್ಷಿಯೂ ಹೌದು.

ಆದರೆ ಅದೇ ಆಸ್ಪತ್ರೆಯ ಮುಂದಿನ ತಿಂಗಳುಗಳನ್ನು ನೋಡಿ. ಸಾಕಷ್ಟು ಯಂತ್ರಗಳು ಇರಲಿಲ್ಲ. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಮಂಚದ ಪಕ್ಕ ಕೂತು ಕೈಯಿಂದ ಚೀಲ ಒತ್ತಿದರು. ಹಗಲೂ ರಾತ್ರಿ. ಕೈಯಲ್ಲಿ ಹಿಡಿದ ಚೀಲಕ್ಕೆ ಒಂದು ಗುಣವಿದೆ: ಮಗು ತಾನಾಗಿ ಉಸಿರೆಳೆದರೆ ಚೀಲ ಸಡಿಲಾದದ್ದು ಅಂಗೈಗೆ ಗೊತ್ತಾಗುತ್ತದೆ, ಕೆಮ್ಮಿದರೆ ಗಟ್ಟಿಯಾದದ್ದು ಗೊತ್ತಾಗುತ್ತದೆ. ನಮ್ಮ ಕಡೆ ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು ಹಾಡುವವನ ಉಸಿರು ಎಲ್ಲಿ ಮುಗಿಯುತ್ತದೆಂದು ನೋಡಿಕೊಂಡೇ ತಿದಿ ಒತ್ತುತ್ತಾರೆ, ಹಾಡುವವನು ದಾರಿ ತಪ್ಪಿದರೆ ತಾವೇ ಎಳೆದು ಹಾದಿಗೆ ತರುತ್ತಾರೆ. ಆಮೇಲೆ ಬಂದ ಯಂತ್ರಗಳು ಆ ವಿದ್ಯಾರ್ಥಿಗಳಿಗಿಂತ ದಣಿವಿಲ್ಲದವು, ಲೆಕ್ಕದಲ್ಲಿ ನಿಖರವಾದವು. ಅಂಗೈ ಮಾತ್ರ ಹೋಯಿತು. ಅದನ್ನು ಮತ್ತೆ ಕಟ್ಟಲು ಎಂಜಿನಿಯರುಗಳು ಇಂದಿಗೂ ಹೆಣಗುತ್ತಿದ್ದಾರೆ. ವಪೆಯ, ಅಂದರೆ ಎದೆ-ಹೊಟ್ಟೆಯ ನಡುವಿನ ಆ ಸ್ನಾಯುವಿನ ವಿದ್ಯುತ್ ಸಂಕೇತವನ್ನೇ ಹಿಡಿದು ಗಾಳಿ ಕೊಡುವ ವಿಧಾನ 1999ರಲ್ಲಿ ಪ್ರಕಟವಾಯಿತು. ನಮ್ಮ ಬಹುಪಾಲು ಆಸ್ಪತ್ರೆಗಳಿಗೆ ಅದು ಇನ್ನೂ ದುಬಾರಿ.

ಉಸಿರನ್ನು ನೋಡುವ ವಿಷಯದಲ್ಲಿ ಹೈದರಾಬಾದಿಗೆ ತನ್ನದೇ ಒಂದು ಚರಿತ್ರೆ ಇದೆ. ಗಚ್ಚಿಬೌಲಿಯ ಕ್ಯಾಬಿನ್ನುಗಳಲ್ಲಿ ಕೂತ ನಮ್ಮಂಥವರಿಗೆ ಅದು ಗೊತ್ತಿರುವುದು ಕಡಿಮೆ. ಮೂಸಿ ದಂಡೆಯ ಅಫ್ಜಲ್‌ಗಂಜ್ ಆಸ್ಪತ್ರೆಯಲ್ಲಿ (ಇಂದಿನ ಉಸ್ಮಾನಿಯಾದ ಹಿರಿಯಜ್ಜ) ಎಡ್ವರ್ಡ್ ಲಾರಿ ಎಂಬ ಸರ್ಜನ್ ಇದ್ದ. ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಸಾಯುತ್ತಿದ್ದರಲ್ಲ, ಮೊದಲು ನಿಲ್ಲುವುದು ಹೃದಯವೋ ಉಸಿರೋ ಎಂಬುದು ಆ ಕಾಲದ ದೊಡ್ಡ ವಾದ. ಲಾರಿಗೆ ಸಂಶಯವೇ ಇರಲಿಲ್ಲ: ಉಸಿರು. ನಾಡಿ ಹಿಡಿದು ಕೂರಬೇಡಿ, ಉಸಿರು ನೋಡಿ ಎಂದು ಶಿಷ್ಯರಿಗೆ ಕಲಿಸುತ್ತಿದ್ದ. 1888ರಲ್ಲಿ ಮೊದಲ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗ. ಅದರ ಫಲಿತಾಂಶವನ್ನು ಲಂಡನ್ನಿನವರು ಒಪ್ಪದಾಗ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಸರಕಾರ ‘ಲ್ಯಾನ್ಸೆಟ್’ ಪತ್ರಿಕೆಗೆ 1000 ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ನೋಡಿ ಎಂದಿತು. 1889ರಲ್ಲಿ ಲಾಡರ್ ಬ್ರಂಟನ್ ಬಂದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ ಎರಡನೆಯ ಆಯೋಗವೂ ಲಾರಿಯ ಮಾತನ್ನೇ ಎತ್ತಿಹಿಡಿಯಿತು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಹಲವರು ಗುರುತಿಸುವ ರೂಪಾ ಬಾಯಿ ಫರ್ದೂನ್‌ಜಿ ಇದೇ ಲಾರಿಯ ಶಿಷ್ಯೆ.

ಲಾರಿ ತಪ್ಪಿದ್ದ. ಹಗುರವಾಗಿ ಕೊಟ್ಟ ಕ್ಲೋರೋಫಾರ್ಮ್ ಕೂಡ ಹೃದಯವನ್ನು ನಡುಗಿಸಿ ಒಮ್ಮೆಗೇ ನಿಲ್ಲಿಸಬಲ್ಲದು ಎಂದು 1911ರಲ್ಲಿ ಎ. ಜಿ. ಲೆವಿ ತೋರಿಸಿದ. ನನಗೆ ಈ ಕತೆ ಇಷ್ಟವಾಗುವುದು ಅದರ ಎರಡು ಮುಖಕ್ಕೂ. ಪಕ್ಕದಲ್ಲಿ ನಿಂತು ಒಬ್ಬ ಮನುಷ್ಯನ ಉಸಿರನ್ನು ಕಣ್ಣಿಟ್ಟು ನೋಡುವುದು ಒಂದು ಕೆಲಸ, ಕಲಿಸಬೇಕಾದ ಕೆಲಸ ಎಂದು ಈ ಊರಿನ ಆಸ್ಪತ್ರೆಯೊಂದು ಹಟ ಹಿಡಿದಿತ್ತು. ಜೊತೆಗೆ, ಒಂದೇ ಸೂಚನೆಯನ್ನು ನಂಬಿ ಉಳಿದುದಕ್ಕೆ ಕಣ್ಣು ಮುಚ್ಚಿದರೆ ಏನಾಗುತ್ತದೆಂಬುದಕ್ಕೂ ಈ ಊರೇ ಉದಾಹರಣೆ. ‘ರೋಗಿಯ ಉಸಿರು ಹೇಳಿದ್ದೇ ಸತ್ಯ’ ಎಂದು ನಾನು ವಾದಿಸಹೊರಟರೆ ಲಾರಿಯ ಸಾಲಿಗೇ ಸೇರುತ್ತೇನೆ.

ಯಾಕೆಂದರೆ ರೋಗಿ ಕೇಳಿದ್ದನ್ನು ಕೊಡುವುದು ಎಷ್ಟೋ ಸಲ ಅವನನ್ನು ಕೊಲ್ಲುತ್ತದೆ. ತೀವ್ರವಾಗಿ ಊದಿಕೊಂಡ ಶ್ವಾಸಕೋಶದವರು ದೊಡ್ಡ ದೊಡ್ಡ ಉಸಿರಿಗೆ ಹಾತೊರೆಯುತ್ತಾರೆ. 2000ದಲ್ಲಿ ಅಮೆರಿಕದ 861 ರೋಗಿಗಳ ಅಧ್ಯಯನ ಬಂತು: ದೇಹತೂಕದ ಲೆಕ್ಕದಲ್ಲಿ ಕಿಲೋಗೆ 12 ಮಿಲಿಲೀಟರ್ ಗಾಳಿ ಕೊಟ್ಟವರಲ್ಲಿ ಶೇಕಡ 39.8 ಮಂದಿ ಸತ್ತರು, 6 ಕೊಟ್ಟವರಲ್ಲಿ ಶೇಕಡ 31. ಅಂದಿನಿಂದ ಕಡಿಮೆ ಕೊಡುವುದೇ ಧರ್ಮ. ಹಸಿದವನಿಗೆ ಅರ್ಧ ಹೊಟ್ಟೆ ಉಣಿಸಿದಂತೆ. ಅವನು ಎರಡನೆಯ ಉಸಿರನ್ನು ಮೊದಲನೆಯದರ ಬೆನ್ನಿಗೇ ಎಳೆದುಕೊಂಡು ಎರಡನ್ನೂ ಒಟ್ಟಿಗೆ ತುಂಬಿಸಿಕೊಂಡುಬಿಡುತ್ತಾನೆ, ಆರು ಹೋಗಿ ಹನ್ನೆರಡೇ ಆಗುತ್ತದೆ. ಅಂಥಲ್ಲಿ ಮತ್ತು ಕೊಡುವುದು, ಕೆಲವೊಮ್ಮೆ ಸ್ನಾಯುಗಳನ್ನೇ ಸ್ತಬ್ಧಗೊಳಿಸುವುದು, ದಬ್ಬಾಳಿಕೆಯಲ್ಲ. ಆದರೆ ಅದು ಎಲ್ಲರಿಗೂ ಹೊಂದುವ ಮದ್ದೂ ಅಲ್ಲ. ಇಂಥ ಶ್ವಾಸಕೋಶದವರನ್ನು ಮೊದಲ 48 ಗಂಟೆ ಸ್ತಬ್ಧಗೊಳಿಸಿದರೆ ಹೆಚ್ಚು ಜನ ಉಳಿಯುತ್ತಾರೆಂದು 2010ರ ಫ್ರೆಂಚ್ ಅಧ್ಯಯನ ಹೇಳಿತ್ತು. 2019ರ ದೊಡ್ಡ ಅಧ್ಯಯನದಲ್ಲಿ ಎರಡೂ ಗುಂಪಿನ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಬಂತು.

ಹಾಗಾದರೆ ಕೇಳಿಸಿಕೊಳ್ಳುವುದು ಎಂದರೆ ಒಪ್ಪುವುದಲ್ಲ. ಕಾಕಾ ‘ಬ್ಯಾಡ’ ಅಂದಾಗ ಅದು ಯಂತ್ರದ ತಪ್ಪನ್ನು ಹೇಳುತ್ತಿತ್ತು. ಊದಿದ ಶ್ವಾಸಕೋಶದವನು ‘ಇನ್ನೂ ಬೇಕು’ ಅಂದಾಗ ಅದು ಕಾಯಿಲೆಯ ಮಾತು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ: ಮಂಚದ ಮೇಲೆ ಕೊಸರಾಡುವ ದೇಹ, ಬಡಿದುಕೊಳ್ಳುವ ಅಲಾರಾಂ. ಯಾವುದು ಯಾವುದೆಂದು ಯಾರಾದರೂ ನಿಂತು ನೋಡಿದ ಮೇಲೆ ಮತ್ತು ಕೊಟ್ಟರೆ ಅದು ಚಿಕಿತ್ಸೆ. ನೋಡದೆಯೇ ಕೊಟ್ಟರೆ, ಔಷಧ ಅದೇ, ಪ್ರಮಾಣ ಅದೇ, ಆದರೂ ಅದು ಬೇರೆ ಕೆಲಸ. ಪರಿಣಾಮ ಒಂದೇ ಆದಾಗಲೂ ಇವೆರಡರ ನಡುವೆ ನೈತಿಕ ವ್ಯತ್ಯಾಸ ಇದೆಯೇ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಇದೆ ಎಂದೇ ನನ್ನ ನಿಲುವು. ಮೊದಲನೆಯದರಲ್ಲಿ ಆತ ಇನ್ನೂ ಏನನ್ನಾದರೂ ಹೇಳಬಲ್ಲ ಮನುಷ್ಯ.

ನೋಡದೆ ಕೊಡುವುದಕ್ಕೆ ಕ್ರೌರ್ಯ ಕಾರಣವಲ್ಲ, ಲೆಕ್ಕ ಕಾರಣ. ರಾತ್ರಿ ಒಬ್ಬ ಸಿಸ್ಟರ್, ಮೂರ್ನಾಲ್ಕು ಮಂಚ. ಔಷಧದ ಪಂಪು ಎಂದಿಗೂ ಊಟಕ್ಕೆ ಹೋಗುವುದಿಲ್ಲ. ಕೋವಿಡ್ ಕಾಲ ನೆನಪಿಸಿಕೊಳ್ಳಿ. ಮೈಸೂರಿನ ಸ್ಕ್ಯಾನ್‌ರೇ ಮತ್ತು ಬೆಂಗಳೂರಿನ ಬಿಇಎಲ್ ಸೇರಿ 30,000 ವೆಂಟಿಲೇಟರ್ ತಯಾರಿಸಲು ಹೊರಟಾಗ ನಾವೆಲ್ಲ ಹೆಮ್ಮೆಯಿಂದ ವಾಟ್ಸಾಪಿನಲ್ಲಿ ಹಂಚಿಕೊಂಡೆವು. ಹೆಮ್ಮೆಪಡಬೇಕಾದದ್ದೇ. ಆದರೆ ಆ ದಿನಗಳಲ್ಲಿ ದೇಶದ ಪ್ರಶ್ನೆ ‘ಎಷ್ಟು ಯಂತ್ರ?’ ಎಂದಷ್ಟೇ ಇತ್ತು. ನಡೆಸಬಲ್ಲವರಿಲ್ಲದೆ ಮೂಲೆ ಸೇರಿದ ಯಂತ್ರಗಳ ಸುದ್ದಿ ಆಮೇಲೆ ಬಂತು. ಒಂದು ಕುಳಿಯನ್ನು ಅಲೆಯಲ್ಲಿ ಗುರುತಿಸುವ ಕಣ್ಣನ್ನು ಮೂರು ತಿಂಗಳಲ್ಲಿ ಕಾರ್ಖಾನೆಯಲ್ಲಿ ತಯಾರಿಸಲಾಗುವುದಿಲ್ಲ. ಷಿಕಾಗೊದಲ್ಲಿ 2000ದಲ್ಲಿ 128 ರೋಗಿಗಳ ಮೇಲೆ ನಡೆದ ಅಧ್ಯಯನದ ಉಪಾಯ ಬಹಳ ಸರಳ: ದಿನಕ್ಕೊಮ್ಮೆ ಮತ್ತಿನ ಔಷಧ ನಿಲ್ಲಿಸಿ ರೋಗಿ ಎಚ್ಚರಾಗುವುದನ್ನು ನೋಡುವುದು. ವೆಂಟಿಲೇಟರ್ ಮೇಲಿನ ಅವಧಿ 7.3 ದಿನದಿಂದ 4.9ಕ್ಕೆ ಇಳಿಯಿತು. ಖರ್ಚಾಗುವುದು ಯಾರದೋ ಸಮಯ ಮಾತ್ರ. ಆ ‘ಮಾತ್ರ’ವೇ ನಮ್ಮಲ್ಲಿ ಅತ್ಯಂತ ದುಬಾರಿ.

ತಾಳ ತಪ್ಪಿದ್ದರಿಂದ ಏನಾಗುತ್ತದೆ, ಸ್ವಲ್ಪ ಕಷ್ಟ ತಾನೆ ಎನ್ನುವವರಿಗೆ ಒಂದು ಲೆಕ್ಕ. ಸ್ಪೇನಿನಲ್ಲಿ 50 ರೋಗಿಗಳ ಸುಮಾರು 87 ಲಕ್ಷ ಉಸಿರುಗಳನ್ನು ಕಂಪ್ಯೂಟರಿನಿಂದ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ತಾಳ ತಪ್ಪದ ರೋಗಿ ಒಬ್ಬರೂ ಇರಲಿಲ್ಲ. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಉಸಿರು ತಪ್ಪಿದ ಸಣ್ಣ ಗುಂಪಿನಲ್ಲಿ ಐಸಿಯುವಿನಲ್ಲೇ ಸತ್ತವರು ಶೇಕಡ 67, ಉಳಿದವರಲ್ಲಿ 14. ತಾಳ ತಪ್ಪಿದ್ದರಿಂದ ಸತ್ತರೋ, ಸಾಯುವಷ್ಟು ಕಾಯಿಲೆ ಇದ್ದುದರಿಂದ ತಾಳ ತಪ್ಪಿತೋ ಎಂದು ಈ ಅಂಕಿಯಿಂದ ಹೇಳಲಾಗದು. ಇನ್ನೊಂದು ವಿಚಿತ್ರ 2013ರಲ್ಲಿ ವರದಿಯಾಯಿತು: ಆಳವಾದ ಮತ್ತಿನಲ್ಲಿರುವವರಲ್ಲಿ ಕೆಲವೊಮ್ಮೆ ಯಂತ್ರ ಗಾಳಿ ತಳ್ಳಿದ ಮೇಲೆ, ಅದರ ಪ್ರತಿಧ್ವನಿಯಂತೆ, ರೋಗಿಯ ವಪೆ ಕುಣಿಯುತ್ತದೆ. ಹೊರಗೆ ಎಲ್ಲ ಶಾಂತ. ಒಳಗೆ ಮನುಷ್ಯ ಯಂತ್ರದ ತಾಳಕ್ಕೆ ಉಸಿರಾಡುತ್ತಿರುತ್ತಾನೆ, ತಪ್ಪಿದ ತಾಳಕ್ಕೆ.

ಈಗ ಈ ತಪ್ಪುಗಳನ್ನೆಲ್ಲ ತಾನೇ ಗುರುತಿಸಿ ತಾನೇ ಸರಿಮಾಡುವ ಸಾಫ್ಟ್‌ವೇರ್ ಬರುತ್ತಿದೆ. ಒಳ್ಳೆಯದೇ. ರಾತ್ರಿ ಮೂರು ಗಂಟೆಗೆ ನೋಡುವ ಕಣ್ಣು ಇಲ್ಲದ ಕಡೆ ಯಾವುದೋ ಒಂದು ಕಣ್ಣು ಇರಲಿ. ಆದರೆ ಎಲ್ಲಿ ಗೆರೆ ಎಳೆಯಬೇಕೆಂಬ ಹಳೆಯ ಕಷ್ಟ ಹೋಗುವುದಿಲ್ಲ. ಸಂವೇದನೆ ಹೆಚ್ಚಿಸಿದರೆ ಹೃದಯದ ಬಡಿತವನ್ನೋ ಕೊಳವೆಯಲ್ಲಿ ನಿಂತ ನೀರಿನ ಅಲುಗಾಟವನ್ನೋ ಉಸಿರೆಂದು ಭ್ರಮಿಸಿ ಗಾಳಿ ತುಂಬುತ್ತದೆ. ಕಡಿಮೆ ಮಾಡಿದರೆ ಕಾಕಾ ಅವರ 9 ಉಸಿರು ಕಳೆದುಹೋಗುತ್ತವೆ. ಇಂಥ ಪ್ರಾಜೆಕ್ಟು ನಾಳೆ ನನ್ನ ಮೇಜಿಗೇ ಬಂದರೆ ಯಶಸ್ಸಿನ ಅಳತೆ ಏನೆಂದು ಬರೆಯುವ ಕಾಲಂ ಒಂದಿರುತ್ತದೆ, ಅಲ್ಲಿ ಯಾರಾದರೂ ‘ಅಲಾರಾಂಗಳ ಸಂಖ್ಯೆ ಶೇಕಡ ಇಷ್ಟು ಇಳಿಯಬೇಕು’ ಎಂದು ಖಂಡಿತ ಬರೆದಿರುತ್ತಾರೆ. ನಾನು ಮೊದಲು ಹೊಡೆದುಹಾಕುವ ಸಾಲು ಅದು. ಅಲಾರಾಂ ಇಳಿಸುವ ಅತಿ ಅಗ್ಗದ ದಾರಿ ಮತ್ತಿನ ಔಷಧ, ಸಾಫ್ಟ್‌ವೇರ್ ಅದನ್ನು ಮೊದಲ ವಾರದಲ್ಲೇ ಕಂಡುಹಿಡಿಯುತ್ತದೆ. ಅದರ ಬದಲು ಬೇರೊಂದು ಅಳತೆ ಹಾಕಿಸುತ್ತೇನೆ: ರೋಗಿ ಎಳೆದ ಉಸಿರು ಎಷ್ಟು, ಯಂತ್ರ ಲೆಕ್ಕ ಹಿಡಿದದ್ದು ಎಷ್ಟು. ಎರಡು ಸಂಖ್ಯೆಯನ್ನೂ ಪಕ್ಕಪಕ್ಕದಲ್ಲಿ, ಹತ್ತು ನಿಮಿಷದ ಭೇಟಿಗೆ ಬಂದವರಿಗೂ ಕಾಣುವಷ್ಟು ದೊಡ್ಡದಾಗಿ.